ಸೋತ ಜಟ್ಟಿಯ ಹೊಲ

ಹಿರೇಗಡದಿಂದ ಮೂಡಣಕ್ಕೆ ಎರಡು ಹರದಾರಿ ನಡೆದರೆ ಬೋಳುಗುಡ್ಡ ಸಿಗುತ್ತದೆ. ಗುಡ್ಡವೆಂದರೆ ಗಿಡಮರ, ನೆರಳು, ಹಕ್ಕಿಯ ಸದ್ದು ಎಂದೆಲ್ಲ ಎಣಿಸಿಕೊಂಡು ಬಂದವರಿಗೆ ಮೊದಲು ನಿರಾಸೆಯೇ ಗತಿ. ಬುಡದಿಂದ ಅರ್ಧದವರೆಗೆ ಒಂದೇ ಹಾಸುಬಂಡೆ. ಬಿಸಿಲೇರಿದ ಮೇಲೆ ಅದರ ಮೇಲೆ ಬರಿಗಾಲಿಡುವ ಧೈರ್ಯ ಆಡುಗಳಿಗೂ ಇಲ್ಲ. ಅಲ್ಲಿ ಇಪ್ಪತ್ತು ಮನೆಗಳ ಒಂದು ಊರು. ಇನ್ನೂ ಮೇಲೇರಿ ನೆತ್ತಿ ಮುಟ್ಟಿದರೆ ಕಣ್ಣನ್ನು ನಂಬಲಾಗುವುದಿಲ್ಲ. ಬಂಡೆಯ ಮೇಲೆಯೇ, ಸುತ್ತಲೂ ಕಲ್ಲಿನ ಒಡ್ಡು ಕಟ್ಟಿದ ಹತ್ತು ಗುಂಟೆಯ ಹೊಲ. ಅದರಲ್ಲಿ ಎದೆಯೆತ್ತರದ ಸಜ್ಜೆ. ಸುತ್ತಲಿನವರೆಲ್ಲ ಅದನ್ನು ಸೋತ ಜಟ್ಟಿಯ ಹೊಲ ಎನ್ನುತ್ತಾರೆ. ಜಟ್ಟಿಯ ಹೆಸರು ಗಾದಿಲಿಂಗ. ಅವನನ್ನು ಕುಸ್ತಿಯಲ್ಲಿ ಸೋಲಿಸಿದವರು ಯಾರು ಎಂದು ಕೇಳಿದರೆ, ಯಾರೂ ಇಲ್ಲ ಎಂದು ಅದೇ ಜನ ಹೇಳುತ್ತಾರೆ. ಕೇಳಿದವರು ತಲೆ ಕೆರೆದುಕೊಳ್ಳುವುದನ್ನು ನೋಡಿ ನಕ್ಕು, ಆಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಹಿರೇಗಡವನ್ನು ಪಾಳೆಯಗಾರರು ಆಳುತ್ತಿದ್ದಾಗ, ಅಲ್ಲಿಯ ಗರಡಿಮನೆಯ ಹೆಸರು ಹೊಳೆಯಾಚೆಯ ಸೀಮೆಗೂ ಮುಟ್ಟಿತ್ತಂತೆ. ಗಾದಿಲಿಂಗ ಆ ಗರಡಿಯ ಜಟ್ಟಿ. ಕಲ್ಲು ಒಡೆಯುವವನ ಮಗ. ಮೀಸೆ ಚಿಗುರುವ ಮೊದಲೇ ಬೀಸುವ ಕಲ್ಲನ್ನು ಕೊರಳಿಗೆ ಕಟ್ಟಿಕೊಂಡು ಸಾವಿರ ಬಸ್ಕಿ ಹೊಡೆಯುತ್ತಿದ್ದನೆಂದೂ, ಒಂದು ಹೊತ್ತಿಗೆ ಕೊಳಗ ಹಾಲು ಅವನಿಗೆ ಬಾಯಿ ಮುಕ್ಕಳಿಸಲು ಸಾಲುತ್ತಿರಲಿಲ್ಲವೆಂದೂ ಹೇಳುತ್ತಾರೆ. ಹಾಲಿನ ಮಾತನ್ನು ಸ್ವಲ್ಪ ತಗ್ಗಿಸಿ ಕೇಳಿದರೂ ತೊಂದರೆಯಿಲ್ಲ. ಆದರೆ ಹದಿನೇಳು ವರ್ಷ ಅವನ ಬೆನ್ನು ಅಖಾಡದ ಮಣ್ಣನ್ನು ಮುಟ್ಟಲಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಪಾಳೆಯಗಾರ ತನ್ನ ಕೈಯಾರೆ ಅವನ ಬಲಗಾಲಿಗೆ ಬಂಗಾರದ ಪೆಂಡೆಯ ತೊಡಿಸಿದ್ದ. ಅವನು ಬೀದಿಯಲ್ಲಿ ಬಂದರೆ ಕುದುರೆಯ ಮೇಲಿದ್ದವರೂ ಇಳಿದು ನಿಲ್ಲುತ್ತಿದ್ದರಂತೆ. ಅದು ಅವನಿಗೆ ಹಿತವಾಗಿಯೇ ಇತ್ತು, ಹಿತವಿಲ್ಲವೆಂದರೆ ಸುಳ್ಳಾದೀತು.

ಹಿರೇಗಡದ ಗರಡಿಗೆ ಒಂದು ರಿವಾಜಿತ್ತು. ಅಲ್ಲಿಗೆ ಬಂದು ಸೋತ ಪೈಲ್ವಾನ ತನ್ನೂರಿಗೆ ಮರಳಿ, ಊರಿನ ಹೊಲದ ಮಣ್ಣನ್ನು ದೊಡ್ಡ ಹೆಡಿಗೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರಬೇಕು. ಇಬ್ಬರು ಎತ್ತಿ ಹೊರಿಸಬೇಕಾದಂಥ ಹೆಡಿಗೆ ಅದು. ಮುಂದೆ ಹಲಗೆ ಬಾರಿಸುತ್ತಿರಬೇಕು. ಅಗಸೆಬಾಗಿಲಲ್ಲಿ ಕಾವಲಿನವನು ‘ಯಾರು ಸೋತರು?’ ಎಂದು ಕೇಳಿದಾಗ ಹೊತ್ತವನು ತನ್ನ ಹೆಸರನ್ನೂ ಊರನ್ನೂ ತನ್ನ ಬಾಯಿಂದಲೇ ಹೇಳಿ, ಮಣ್ಣನ್ನು ಗರಡಿಯಂಗಳದಲ್ಲಿ ಸುರಿಯಬೇಕು. ಆ ಮಣ್ಣು ಗೆದ್ದವನದು. ಸೀಮೆಸೀಮೆಯ ಎರೆ, ಮಸಾರಿ, ಜೇಡಿ ಎಲ್ಲ ಬಂದು ಬಿದ್ದು ಅಖಾಡ ತುಂಬಿ, ಅಂಗಳ ತುಂಬಿ, ಗರಡಿಯ ಹಿಂದೆ ಒಂದು ದಿಬ್ಬವೇ ಎದ್ದಿತ್ತು. ಗಾದಿಲಿಂಗ ಬೆಳಿಗ್ಗೆ ಸಾಮು ಮುಗಿಸಿ ಆ ದಿಬ್ಬದ ಮೇಲೆ ಕೂತು ಮೈಯಾರಿಸಿಕೊಳ್ಳುತ್ತಿದ್ದ. ಒಂದು ಹಿಡಿ ಕೈಗೆ ಕೊಟ್ಟರೆ ಮೂಸಿ ನೋಡಿ ಇದು ಇಂಥ ಊರಿನದು, ಇಂಥವನು ತಂದದ್ದು ಎಂದು ಹೇಳುತ್ತಿದ್ದನಂತೆ.

ಹೀಗಿರುವಾಗ ಒಂದು ವರ್ಷ ಬೋಳುಗುಡ್ಡದಿಂದ ಯಂಕೋಬ ಎಂಬ ಪೈಲ್ವಾನ ಬಂದ. ಸಣಕಲು ಮೈ, ಆದರೆ ಉಡದ ಹಿಡಿತ. ಹೊತ್ತೇರಿದಾಗ ಕೈ ಕೊಟ್ಟವರು ಹೊತ್ತು ವಾಲಿದರೂ ಬಿಡಲಿಲ್ಲ. ಹಲಗೆಯವರ ಕೈ ಸೋತವು, ನೋಡುವವರ ಕೂಗು ನಿಂತಿತು. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಗಾದಿಲಿಂಗನಿಗೆ ತನ್ನ ಉಸಿರು ತನಗೇ ಕೇಳಿಸಿತಂತೆ. ಕೊನೆಗೆ ಒಂದು ಪಟ್ಟಿನಲ್ಲಿ ಯಂಕೋಬನ ಮೊಣಕಾಲು ಮಡಚಿತು, ಬೆನ್ನು ಮಣ್ಣಿಗೆ ಬಿತ್ತು. ಎದ್ದವನು ಮೈ ಕೂಡ ಕೊಡವದೆ ಕೈ ಜೋಡಿಸಿದ.

‘ಯಪ್ಪಾ ಜಟ್ಟಿ, ಮಣ್ಣಿನ ಬದಲಿ ಕಲ್ಲು ತಂದ್ರ ನಡೀತೈತೇನು? ಎಷ್ಟು ದೊಡ್ಡದು ಬೇಕಾದ್ರೂ ತರ್ತೀನಿ.’

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಗೆದ್ದ ಹುರುಪಿನಲ್ಲಿದ್ದ ಗಾದಿಲಿಂಗನೂ ನಕ್ಕ. ‘ಕಲ್ಲು ನಮ್ಮಪ್ಪ ಬೇಕಾದಷ್ಟು ಒಡೆದಾನ. ಮಣ್ಣಂದ್ರ ಮಣ್ಣ, ತಮ್ಮಾ’ ಎಂದ. ಯಂಕೋಬ ಊರ ದಾರಿ ಹಿಡಿದ. ಹದಿನೈದನೆಯ ದಿನ ಹೆಡಿಗೆ ಹೊತ್ತು ಬಂದು, ಕೇಳಿದ್ದಕ್ಕೆ ಹೆಸರು ಹೇಳಿ, ಮಣ್ಣು ಸುರಿದು ಹೋದ. ವಾಡಿಕೆಯಂತೆ ಗಾದಿಲಿಂಗ ಒಂದು ಹಿಡಿ ಎತ್ತಿ ಮೂಸಿದ. ಯಾವ ಸೀಮೆಯ ವಾಸನೆಯೂ ಬರಲಿಲ್ಲ. ಒಲೆಯ ಬೂದಿ, ಆಡಿನ ಹಿಕ್ಕೆ, ಕೊಳೆತ ಎಲೆ, ಬೆರಳಲ್ಲಿ ಆರಿಸಿದಷ್ಟು ನಯವಾದ ಧೂಳು. ನಡುವೆ ಎಳೆಯ ಸಜ್ಜೆಯ ಬೇರು, ಇನ್ನೂ ಹಸಿಯಾಗಿಯೇ ಇತ್ತು. ಹೊಲದಲ್ಲಿ ಮಣ್ಣಿದ್ದವನು ಬೆಳೆಯಿದ್ದ ಜಾಗವನ್ನೇ ಯಾಕೆ ಅಗೆದ ಎಂಬ ಪ್ರಶ್ನೆ ಅವನ ತಲೆಯೊಳಗೆ ಹೊಕ್ಕಿತು. ಊಟಕ್ಕೆ ಕೂತರೂ ಬಿಡಲಿಲ್ಲ. ಮೂರನೆಯ ದಿನ ಒಬ್ಬನೇ ಹೊರಟ.

ಗುಡ್ಡದ ನೆತ್ತಿಯಲ್ಲಿ ಒಬ್ಬ ಮುದುಕಿ ಬಂಡೆಯ ಸೀಳಿನಲ್ಲಿ ಕಡ್ಡಿ ಆಡಿಸಿ, ಗಾಳಿ ತಂದಿಟ್ಟ ಧೂಳನ್ನು ಗುಡಿಸಿ ಉಡಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಯಂಕೋಬನ ತಾಯಿ ಹುಲಿಗೆವ್ವ. ಬಂದವನು ಯಾರೆಂದು ಅವಳಿಗೆ ತಿಳಿಯದು. ಏನು ಮಾಡುತ್ತಿದ್ದೀ ಎಂದು ಕೇಳಿದ್ದಕ್ಕೆ ಒಡ್ಡು ಕಟ್ಟಿದ ಒಂದು ಚೌಕವನ್ನು ತೋರಿಸಿದಳು. ನಾಲ್ಕು ಕಂಬಳಿ ಹಾಸುವಷ್ಟು ಜಾಗ. ಅರ್ಧದಲ್ಲಿ ಗೇಣೆತ್ತರದ ಪೈರು, ಇನ್ನರ್ಧದಲ್ಲಿ ಬರೀ ಬಂಡೆ.

‘ಹೊಲ ಮಾಡಾಕ ಹತ್ತೀನಪ್ಪಾ. ನಮ್ಮತ್ತಿ, ಅವರತ್ತಿ, ಎಲ್ಲಾರೂ ಹಿಂಗ ಉಡಿ ಉಡಿ ಕೂಡಿಸಿ ಮಾಡಿದ ಹೊಲ. ನನ್ನ ಮಗ ಹಿರೇಗಡದಾಗ ಸೋತ. ಮಾತಂದ್ರ ಮಾತು, ಒಂದು ಹೆಡಿಗಿ ಕೊಟ್ಟು ಬಂದ. ನಾ ಬ್ಯಾಡ ಅನ್ನಲಿಲ್ಲ.’

‘ಮತ್ತ ಈ ವರ್ಷ ಉಣ್ಣಾಕ?’

‘ಅರ್ಧ ಉಣ್ತೀವಿ.’

ಅಷ್ಟರಲ್ಲಿ ಕೊಡ ಹೊತ್ತು ಮೇಲೆ ಬಂದ ಯಂಕೋಬ ಅವನನ್ನು ಕಂಡು, ಕೊಡ ಇಳಿಸಿ ಕಾಲಿಗೆರಗಿದ. ಮುದುಕಿಗೆ ಆಗ ತಿಳಿಯಿತು. ಬೈದಾಳೆಂದು ಗಾದಿಲಿಂಗ ತಲೆ ತಗ್ಗಿಸಿ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಕಂಬಳಿ ಹಾಸಿ ಕೂರಿಸಿ, ಅಂಬಲಿ ತಂದು ಮುಂದಿಟ್ಟಳು. ಆನೆಯ ಸೊಂಡಿಲು ತಿರುವಿದನೆಂದು ಹಾಡಿಸಿಕೊಂಡವನು ಅಂಬಲಿಯ ಬಟ್ಟಲನ್ನು ಕೈಯಲ್ಲಿ ಹಿಡಿದೇ ಕೂತ.

‘ಯವ್ವಾ, ನಾಳೆ ಆಳು ಹಚ್ಚಿ ನಿಮ್ಮ ಮಣ್ಣ ಕಳಿಸ್ತೀನಿ. ನಿಮ್ಮದಷ್ಟ ಅಲ್ಲ, ಹತ್ತರಷ್ಟು ಕಳಿಸ್ತೀನಿ.’

‘ಬ್ಯಾಡಪ್ಪಾ’ ಎಂದಳು ಹುಲಿಗೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಗೆದ್ದವರು ಕೊಟ್ಟದ್ದು ಭಿಕ್ಷೆ ಆಗತೈತಿ. ನಾವು ಬಡವರು ಖರೆ, ಬೇಡೋ ಮಂದಿ ಅಲ್ಲ. ಸೋತವರು ಹೊತ್ತು ತಂದ್ರ ಇಳಿಸಿಕೊಳ್ಳಬಹುದು, ಅದು ನಿಮ್ಮದ ರಿವಾಜು. ನಮ್ಮ ಯಂಕೋಬನ ಕೈಯಾಗ ಸೋತವರು ಯಾರದಾರ?’

ಮರಳುವ ದಾರಿಯಲ್ಲಿ ಗಾದಿಲಿಂಗನಿಗೆ ಎರಡು ಹರದಾರಿ ಇಪ್ಪತ್ತಾಯಿತು. ಮಣ್ಣು ಆ ಗುಡ್ಡವೇರುವುದಕ್ಕೆ ಇದ್ದದ್ದು ಒಂದೇ ಬಾಗಿಲು, ಸೋತವನಾಗಿ ತಾನೇ ಹೊರುವುದು. ಆ ಬಾಗಿಲಲ್ಲಿ ಅವನ ಹದಿನೇಳು ವರ್ಷ ಹಿಡಿಸುವಂತಿರಲಿಲ್ಲ. ಹೊತ್ತರೆ ಅವನು ಅಜೇಯನಲ್ಲ. ಹೊರದಿದ್ದರೆ ಒಂದು ಮನೆ ಅರ್ಧ ಉಣ್ಣುತ್ತದೆ, ಅವನು ಆ ಮಣ್ಣಿನ ಮೇಲೆ ಕೂತು ಮೈಯಾರಿಸಿಕೊಳ್ಳುತ್ತಾನೆ. ಅವನು ಹೆಡಿಗೆ ಹೊರಲು ಹೊರಟಿದ್ದಾನೆಂಬ ಸುದ್ದಿ ತಿಳಿದ ಪಾಳೆಯಗಾರ ಕೆಂಡವಾದ. ‘ನೀನು ಹೆಡಿಗಿ ಹೊತ್ರ ಹಿರೇಗಡ ಸೋತಂಗ. ಮಣ್ಣ ಬೇಕಾ, ಪೆಂಡೆಯ ಬೇಕಾ?’ ಎಂದ. ಗಾದಿಲಿಂಗ ಬಗ್ಗಿ ಪೆಂಡೆಯ ಕಳಚಿ ದೊರೆಯ ಮುಂದಿಟ್ಟ. ಇಷ್ಟು ವರ್ಷ ತೊಟ್ಟಿದ್ದ ಕಾಲಿನಲ್ಲಿ ಅದರ ಬಿಳಿಯ ಗುರುತು ಎದ್ದು ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಹೆಡಿಗೆ ತುಂಬಿತು. ಎತ್ತಿ ಹೊರಿಸಲು ಯಾರೂ ಮುಂದೆ ಬರಲಿಲ್ಲ; ತಾನೇ ಎತ್ತಿ ತಲೆಗಿಟ್ಟುಕೊಂಡ. ಹಲಗೆಯವರು ಕೈಕಟ್ಟಿ ನಿಂತಿದ್ದರು. ‘ಬಾರಿಸ್ರಪ್ಪಾ, ಎಲ್ಲಾರಿಗೂ ಬಾರಿಸೀರಿ’ ಎಂದ. ಅಳುತ್ತಲೇ ಬಾರಿಸಿದರಂತೆ. ಹಿಂದೆ ಕುದುರೆಯಿಂದ ಇಳಿಯುತ್ತಿದ್ದವರು ಅಂದು ಇಳಿಯಲಿಲ್ಲ; ಕೆಲವರು ಉಗುಳಿದರು. ಗಾದಿಲಿಂಗ ನೋಡಿದ, ನಡೆದ. ಹಲಗೆಯ ಸದ್ದು ಕೇಳಿ ಬೋಳುಗುಡ್ಡದ ಜನವೆಲ್ಲ ನೆತ್ತಿಯಲ್ಲಿ ನೆರೆದಿದ್ದರು. ಯಂಕೋಬ ಓಡಿಬಂದು ಹೆಡಿಗೆಗೆ ಕೈ ಕೊಡಹೋದ.

‘ದೂರ ನಿಲ್ಲು. ಗೆದ್ದವರು ಕೈ ಹಚ್ಚಬಾರದು.’

ಹುಲಿಗೆವ್ವ ಒಡ್ಡಿನ ಬಳಿ ಎದುರು ನಿಂತಳು. ಕೇಳಲೇಬೇಕಾದ ಮಾತು, ಕೇಳಿದಳು. ‘ಯಾರು ಸೋತ್ರಪ್ಪಾ?’

‘ಹಿರೇಗಡದ ಗಾದಿಲಿಂಗ ಸೋತೀನಿ, ಯವ್ವಾ.’

ಎಷ್ಟೋ ಕುಸ್ತಿಗಳಲ್ಲಿ ಜನ ಅವನನ್ನು ನೋಡಿ ಕೂಗಿದ್ದರು. ಅಂದು ಆ ಬಂಡೆಯ ಮೇಲೆ ಯಾರೂ ಕೂಗಲಿಲ್ಲ. ಗಂಡಸರು ಹೆಂಗಸರೆನ್ನದೆ ಒಬ್ಬೊಬ್ಬರಾಗಿ ನೆಲಕ್ಕೆ ತಲೆಯಿಟ್ಟರು. ಅವನು ಮಣ್ಣು ಸುರಿದು, ಬರಿದಾದ ಹೆಡಿಗೆ ಕಂಕುಳಲ್ಲಿಟ್ಟುಕೊಂಡು ಇಳಿದುಹೋದ. ಯಂಕೋಬನ ಮನೆಗೆ ಅಷ್ಟು ಸಾಕಿತ್ತು, ಗಾದಿಲಿಂಗನಿಗೆ ಸಾಕಾಗಲಿಲ್ಲ. ಬೋಳುಗುಡ್ಡದಲ್ಲಿ ಮನೆಗಳು ಇಪ್ಪತ್ತು. ಮೂರನೆಯ ದಿನ ಮತ್ತೆ ಹಲಗೆ ಕೇಳಿಸಿತು. ಹನ್ನೆರಡು ವರ್ಷ ಹೊತ್ತನಂತೆ. ದಿಬ್ಬ ತೀರಿದ ಮೇಲೆ ಹಿರೇಗಡದ ಕೆರೆಯ ಹೂಳನ್ನು ಹೊತ್ತ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಯಾವ ಸಲವೂ ದನಿ ತಗ್ಗಿಸಿ ಹೇಳಿದವನಲ್ಲ. ಇನ್ನೊಬ್ಬ ಜಟ್ಟಿ ಪೆಂಡೆಯ ತೊಟ್ಟ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ.

ಗಾದಿಲಿಂಗ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹಿರೇಗಡದ ಹಿರಿಯರು ನಾಚಿಕೆಯೋ ಅಭಿಮಾನವೋ ಹುಟ್ಟಿ, ಗುಡ್ಡವೇರಿ ಬಂದರು. ನಮ್ಮ ಜಟ್ಟಿ ಯಾರ ಕೈಯಲ್ಲೂ ಸೋತವನಲ್ಲ, ಆ ಹೆಸರು ತೆಗೆದು ಗೆದ್ದ ಜಟ್ಟಿಯ ಹೊಲ ಎಂದು ಕರೆಯಿರಿ ಎಂದು ಕೇಳಿಕೊಂಡರು. ಆಗ ಮುದುಕನಾಗಿದ್ದ ಯಂಕೋಬ ಒಡ್ಡಿನ ಮೇಲೆ ಕೂತಿದ್ದ. ‘ಆಗಲಿ. ಅಂವ ಸೋತಿಲ್ಲ ಅಂದ್ರ ಇದು ಭಿಕ್ಷೆ ಆತು. ಹೆಡಿಗಿ ತಂದೀರೇನು? ಇಷ್ಟೂ ಮಣ್ಣ ಹೊತ್ತು ಇಳಿಸಿಕೊಂಡು ಹೋಗ್ರಿ’ ಎಂದ. ಬಂದವರು ಹೊಲವನ್ನು ಒಮ್ಮೆ ನೋಡಿದರು, ಬಂಡೆಯ ದಾರಿಯನ್ನು ಒಮ್ಮೆ ನೋಡಿದರು. ಹೆಸರು ಉಳಿಯಿತು.

ಇಂದಿಗೂ ಸುತ್ತಲಿನ ಪೈಲ್ವಾನರು ಮೊದಲ ಕುಸ್ತಿಗೆ ಮುಂಚೆ ಈ ಗುಡ್ಡವೇರುತ್ತಾರೆ. ಅಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ, ಪೂಜಾರಿಯೂ ಇಲ್ಲ. ಸಜ್ಜೆಯ ಸಾಲುಗಳ ನಡುವೆ ಬರಿಗಾಲಲ್ಲಿ ಒಂದು ಸುತ್ತು ನಡೆದು ಬರುತ್ತಾರೆ. ಇಳಿಯುವ ಮುಂಚೆ ಒಡ್ಡಿನ ಮೇಲೆ ಕೂತು, ಅಂಗಾಲಿಗೂ ಬೆರಳ ಸಂದಿಗೂ ಹತ್ತಿದ ಮಣ್ಣನ್ನು ನಿಧಾನವಾಗಿ ಉಜ್ಜಿ ಬಿಡಿಸಿ, ಒಂದು ಕಣವೂ ಕೆಳಗೆ ಹೋಗದಂತೆ ಹೊಲಕ್ಕೇ ಹಾಕಿ ಏಳುತ್ತಾರೆ.