ಸೋಕಿದರೆ ನಿಲ್ಲುವ ಬಂಡಿ

"ನೀವು ಬುದ್ಧಿ ಓಡಿಸೋಕೆ ಹೋಗಬೇಡಿ. ಯಾರು ಏನು ಹೇಳ್ತಾರೋ ಅಷ್ಟು ಮಾಡಿ, ಸಾಕು." ನನ್ನ ಹೆಂಡತಿ ಕೆಂಪಾಜಮ್ಮ ನನಗೆ ಹೇಳಿದ ಕೊನೇ ಮಾತು ಇದು. ಇಂಥ ಪೆದ್ದನನ್ನು ಒಬ್ಬನನ್ನೇ ಬಿಟ್ಟು ಹೋಗೋದು ಅವಳಿಗೆ ದಿಗಿಲು. ಹೋದಳು.

ತಿಥಿ ಮುಗಿಸಿ ಊದುಬತ್ತಿ ಕಾರ್ಖಾನೆಗೆ ಹೋದೆ. ಅಲ್ಲಿ ಹೊಸ ಬಂಡಿ ಬಂದಿತ್ತು. ಡ್ರೈವರ್ ಇಲ್ಲ, ತಾನೇ ಟ್ರೇ ಹೊತ್ತು ಓಡಾಡುತ್ತೆ. ಸುತ್ತ ಮೆತ್ತನೆ ರಬ್ಬರ್ ಚರ್ಮ. ಯಾರಿಗಾದರೂ ಸೋಕಿದರೆ ಅದಕ್ಕೆ ಗೊತ್ತಾಗಿ ನಿಲ್ಲುತ್ತೆ. ಬತ್ತಿ ಹೊಸೆಯೋ ಹೆಂಗಸರ ಕಾಲಿಗೆ ಪೆಟ್ಟಾಗಬಾರದಲ್ಲ.

ಮೊದಲಿನ ಹಾಗೆ ಮೂಟೆ ಹೊರೋ ಶಕ್ತಿ ನನಗಿರಲಿಲ್ಲ. ಬಂಡಿ ಪರೀಕ್ಷೆಗೆ ನಿಲ್ಲು, ಅದೂ ಬರದಿದ್ದರೆ ಮನೆಗೆ ಹೋಗು ಅಂದ ಮೇಸ್ತ್ರಿ ಚಿಕ್ಕಬಸಪ್ಪ. ಮನೇಲಿ ಏನು ಮಾಡಲಿ, ಗೋಡೆ ನೋಡಲಾ? ನಿಂತೆ.

ಬಂಡಿ ತಂದ ಇಂಜಿನಿಯರ್ ಹುಡುಗಿ ಫರ್ಹಾನಾ. ಬಂಡಿ ಬಂದಾಗ ಕೈಲಿ ಮುಟ್ಟಿ, ನಿಲ್ಲುತ್ತಾ ನೋಡಿ ಅಂದಳು. ಮುಟ್ಟಿದೆ, ನಿಂತಿತು. ಹೊರಟಿತು, ಮುಟ್ಟಿದೆ, ನಿಂತಿತು. ಸಂಜೆವರೆಗೂ ಬಂಡಿ ಬಾಗಿಲು ದಾಟಲಿಲ್ಲ. ಟ್ರೇ ಇಲ್ಲದೆ ಹೆಂಗಸರು ಎಲೆಅಡಿಕೆ ಹಾಕ್ಕೊಂಡು ಕೂತರು. ಮೇಸ್ತ್ರಿ ಬೈದ. ನೀವಾಗಿ ಮುಟ್ಟಬೇಡಿ, ಸುಮ್ಮನೆ ಅಡ್ಡ ನಿಲ್ಲಿ, ಅದೇ ಬಂದು ಸೋಕಲಿ ಅಂದಳು ಫರ್ಹಾನಾ.

ಮಾರನೇ ದಿನ ಗೇಟಿನಲ್ಲಿ ಸಾಹುಕಾರರ ಕಾರು ಹಿಂದಕ್ಕೆ ಬರ್ತಿತ್ತು. ಸುಮ್ಮನೆ ಅಡ್ಡ ನಿಂತೆ. ಸೋಕಿತು. ನಿಲ್ಲಲಿಲ್ಲ. ನಾನು ಬಿದ್ದೆ.

"ಲೋ ಸಿದ್ದಲಿಂಗು, ಕಾರಿಗೆ ಚರ್ಮ ಇದೆಯೇನೋ?" ಅಂದ ಮೇಸ್ತ್ರಿ. "ಗಾಡಿ ಬಂದರೆ ಪಕ್ಕಕ್ಕೆ ಸರೀಬೇಕು ಕಣೋ."

ಸರಿ. ಮಧ್ಯಾಹ್ನ ಸಾಹುಕಾರರು ಬಂಡಿ ನೋಡೋಕೆ ಬಂದು ನನ್ನ ಹಿಂದೆ ನಿಂತರು. ಬಂಡಿ ಬಂತು. ಪಕ್ಕಕ್ಕೆ ಸರಿದೆ. ಅವರ ಬಿಳಿ ಪಂಚೆಗೆ ಸೋಕಿ ನಿಂತಿತು. ಬಂಡಿ ಪಾಸಾಯ್ತು, ಬತ್ತಿಯ ಇದ್ದಿಲ ಪುಡಿ ಮೆತ್ತಿ ಪಂಚೆ ಕರಿ ಆಯ್ತು.

ಮೇಸ್ತ್ರಿ ಈ ಸಲ ಕೂಗಲೂ ಇಲ್ಲ. "ನಾಳೆ ಬಂಡಿ ಹೊರಟು ಹೋಗೋವರೆಗೂ ಜಾಗ ಬಿಟ್ಟು ಕದಲಿದೆಯೋ, ನಿನಗೆ ಕೆಲಸ ಇಲ್ಲ."

ಬೆಳಿಗ್ಗೆ ಹೋಗಿ ನಿಂತೆ. ಬಂಡಿ ಬಂದು ಮೊಣಕಾಲಿಗೆ ಸೋಕಿ ನಿಂತಿತು. ತುಂಬ ಮೆತ್ತಗೆ. ಕೆಂಪಾಜಮ್ಮ ಹೋದ ಮೇಲೆ, ಆ ಕಾರೊಂದು ಬಿಟ್ಟರೆ, ನನ್ನನ್ನು ಯಾರೂ ಮುಟ್ಟಿರಲಿಲ್ಲ.

"ಯಜಮಾನ್ರೇ, ಸಾಕು, ಸರೀರಿ," ಅಂದಳು ಫರ್ಹಾನಾ. "ಮನುಷ್ಯ ಸರಿದರೇನೇ ಅದು ಹೊರಡೋದು."

"ಅದು ಹೊರಟರೇನೇ ನಾನು ಸರಿಯೋದು, ತಾಯಿ. ಮೇಸ್ತ್ರಿ ಹೇಳವ್ರೆ."

ಮೇಸ್ತ್ರಿ ಪೇಟೆಗೆ ಹೋಗಿದ್ದ. ಊಟದ ಗಂಟೆ ಹೊಡೀತು. ಹೆಂಗಸರು ನಮ್ಮನ್ನು ಬಳಸಿಕೊಂಡು ಊಟಕ್ಕೆ ಹೊರಟರು. ಇವೆರಡರಲ್ಲಿ ಮಿಷನ್ ಯಾವುದು ಕಣೇ ಅಂತ ಒಬ್ಬಳು ಇನ್ನೊಬ್ಬಳನ್ನು ಕೇಳಿದಳು.

ನಾವು ಇಬ್ಬರೂ ನಿಂತೇ ಇದ್ದೆವು.