ವ್ಯಾಪಾರಿಯ ವ್ಯಾನು ಮತ್ತು ಆರುವ ಉರಿ

ಮಠದ ಶಿಷ್ಯ ಕರಿಬಸಯ್ಯ ಗುರುಗಳನ್ನು ಕೇಳಿದ: “ಬುದ್ಧಿ, ನನ್ನೊಳಗೆ ಭಕ್ತಿ ಆರಿಹೋಗುತ್ತಿದೆ. ಜಪ ಹೆಚ್ಚಿಸಿದೆ, ಜಾಗರಣೆ ಹೆಚ್ಚಿಸಿದೆ. ಸಾಕಾಗಿಹೋಗಿದೆ. ಇನ್ನೇನನ್ನು ಹೆಚ್ಚಿಸಲಿ?”

ಗುರುಗಳು ಗೋಡೆಗೆ ಒರಗಿದರು. “ಅಯ್ಯೋ ಮಹಾರಾಯ, ನಿನ್ನ ಮುಖ ನೋಡಿದರೆ ನನಗೇ ಸುಸ್ತಾಗುತ್ತದೆ. ಕೂತುಕೋ, ಹೇಳುತ್ತೇನೆ.

“ಒಬ್ಬ ದಿನಸಿ ವ್ಯಾಪಾರಿ ಇದ್ದ. ಕಾಯಿಲೆಯ ಹೆಂಡತಿ ಹಿಮಾಲಯದ ಮೇಲಿನ ಒಂದು ಸರೋವರ ನೋಡಬೇಕೆಂದಳು. ಮಲಗಲು, ಅಡಿಗೆ ಮಾಡಲು ಅನುಕೂಲವಿರುವ ವ್ಯಾನು ಕೊಂಡು ಅವಳನ್ನು ಕರೆದುಕೊಂಡು ಹೊರಟ. ವ್ಯಾನಿನಲ್ಲಿ ಗ್ಯಾಸಿನ ಸಣ್ಣ ಉರಿಯಿಂದ ನಡೆಯುವ ಫ್ರಿಜ್ಜು. ಅದರೊಳಗೆ ಅವಳ ಔಷಧಿ. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಅದಿಲ್ಲದೆ ಅವಳು ಬದುಕುವಂತಿರಲಿಲ್ಲ.

“ಎತ್ತರ ಏರಿದಂತೆ ಉರಿ ಹಳದಿಯಾಯಿತು, ಆರಿತು. ವ್ಯಾಪಾರಿ ಗ್ಯಾಸು ಜಾಸ್ತಿ ಬಿಟ್ಟು ಮತ್ತೆ ಹಚ್ಚಿದ. ಮಸಿ ಕಟ್ಟಿತು, ಮತ್ತೆ ಆರಿತು. ಇನ್ನೂ ಜಾಸ್ತಿ ಬಿಟ್ಟ. ತೂಕ ಸಾಲದಿದ್ದರೆ ಇನ್ನೊಂದು ಹಿಡಿ ಹಾಕು. ಅಂಗಡಿಯಲ್ಲಿ ಕೂತು ಅವನು ಕಲಿತದ್ದು ಅಷ್ಟೇ ತಾನೇ! ಆದರೆ ಅಲ್ಲಿ ಗಾಳಿ ತೆಳು. ಉರಿಗೆ ಕೊರತೆಯಾದದ್ದು ಗಾಳಿ, ಇವನು ಕೊಟ್ಟದ್ದು ಗ್ಯಾಸು. ಹಗಲೆಲ್ಲ ಬೆಂಕಿಪೊಟ್ಟಣ ಹಿಡಿದು ವ್ಯಾನಿನ ಹಿಂದೆಯೇ ಕೂತ. ಬೆರಳು ಸುಟ್ಟುಕೊಂಡ, ದೇವರನ್ನು ಬೈದ. ಹೆಂಡತಿ ಒಳಗೆ ಒಬ್ಬಳೇ.

“ಕೊನೆಗೆ ಅವಳು ಇಳಿದು ಬಂದು, ‘ಸಾಕು ಮಾಡಿ, ಕೆಳಗೆ ಹೋಗೋಣ’ ಎಂದಳು.

“‘ನಿನಗಾಗಿಯೇ ಅಲ್ಲವೇನೇ ಇಷ್ಟು ಒದ್ದಾಡುತ್ತಿರುವುದು?’ ಎಂದು ಅವನು ರೇಗಿದ.

“‘ನಿಮ್ಮ ಜೊತೆ ಕೂತು ಸರೋವರ ನೋಡಬೇಕು ಅಂದಿದ್ದೆ. ಬೆಟ್ಟ ಹತ್ತಿದಾಗಿನಿಂದ ನಿಮ್ಮ ಬೆನ್ನು ಮಾತ್ರ ನೋಡುತ್ತಿದ್ದೇನೆ. ನನಗೂ ಸಾಕಾಯಿತು’ ಎಂದಳು.

“ವ್ಯಾಪಾರಿಗೆ ಅಳು ಬಂತು. ವ್ಯಾನು ತಿರುಗಿಸಿದ. ಕಣಿವೆಗೆ ಇಳಿದ ಮೇಲೆ ಮಸಿ ಒರೆಸಿ, ಗ್ಯಾಸು ತಗ್ಗಿಸಿ ಹಚ್ಚಿದ. ಉರಿ ನೀಲಿಯಾಗಿ ನಿಂತಿತು. ಪುಣ್ಯಕ್ಕೆ ಔಷಧಿ ಕೆಟ್ಟಿರಲಿಲ್ಲ.”

ಕರಿಬಸಯ್ಯನಿಗೆ ಸಮಾಧಾನವಾಗಲಿಲ್ಲ. “ಅಷ್ಟು ದೂರ ಹೋಗಿ ಸರೋವರ ನೋಡಲೇ ಇಲ್ಲವೇ, ಬುದ್ಧಿ?” ಎಂದ.

“ಇಲ್ಲ, ಅಂದು ಇಬ್ಬರೂ ಎದುರುಬದುರು ಕೂತು ಗಂಜಿ ಕುಡಿದರು. ನೀನು ಯಾರ ಜೊತೆಯಾದರೂ ಕೂತು ಉಂಡು ಎಷ್ಟು ಕಾಲವಾಯಿತು?” ಎಂದರು ಗುರುಗಳು.

ಆ ರಾತ್ರಿ ಕರಿಬಸಯ್ಯ ಜಾಗರಣೆ ಬಿಟ್ಟು ಎಲ್ಲರ ಜೊತೆ ಊಟಕ್ಕೆ ಕೂತ.