ಕತ್ತರಿಸಿ ಕೊಟ್ಟ ಎರಡು ನಿಮಿಷ

"ಗುರುಗಳೇ, ಒಬ್ಬ ಕಲಾವಿದನನ್ನು ದೊಡ್ಡವನು ಎನ್ನುತ್ತಾರಲ್ಲ, ಆ ದೊಡ್ಡತನ ಎಲ್ಲಿದೆಯೆಂದು ಹುಡುಕುವುದು ಹೇಗೆ?" ಎಂದು ವಾರಿಜಾ ಕೇಳಿದಳು. ಚಿತ್ರಕಲಾ ಶಾಲೆಯ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಅವಳು ಈ ಕಾಲದ ಒಬ್ಬ ಛಾಯಾಗ್ರಾಹಕನ ಬಗ್ಗೆ ಇನ್ನೂರು ಪುಟ ಟಿಪ್ಪಣಿ ಮಾಡಿದ್ದಳು. ಬರೆಯಲು ಕುಳಿತರೆ ಒಂದು ಸಾಲೂ ಹೊರಡುತ್ತಿರಲಿಲ್ಲ.

ಗುರುಗಳು ಟಿಪ್ಪಣಿಯ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ನಕ್ಕರು. "ಇಷ್ಟು ಓದಿದ ಮೇಲೂ ಕೇಳಬೇಕೆನಿಸಿತಲ್ಲ, ಸಂತೋಷ" ಎಂದು ಈ ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿಯಿದ್ದ. ಅವನೂ ಇಂಥದೇ ಕೆಲಸ ಹಿಡಿದಿದ್ದ. ಅವನು ಆರಿಸಿಕೊಂಡದ್ದು ಫೋಟೋ ತೆಗೆಯುವ, ಸಿನಿಮಾನೂ ಮಾಡುವ ಒಬ್ಬ ಕಲಾವಿದನನ್ನು. ಆ ಕಲಾವಿದ ಹಳೆಯ ಬಟ್ಟೆಚೂರು ಜೋಡಿಸಿ ಕೌದಿ ಹೊಲಿಯುವ ಒಬ್ಬ ಹೆಂಗಸಿನ ಮೇಲೆ ನಲವತ್ತು ನಿಮಿಷದ ಚಿತ್ರ ಮಾಡಿದ್ದ. ಅದರ ನಡುವೆ ಎರಡು ನಿಮಿಷ ಪರದೆ ಪೂರ್ತಿ ಕಪ್ಪು. ಮಾತಿಲ್ಲ, ಸದ್ದಿಲ್ಲ. ಆ ಎರಡು ನಿಮಿಷದ ಮೇಲೆ ಪಂಡಿತರು ಬರೆದದ್ದನ್ನು ಓದಲು ಎರಡು ತಿಂಗಳಾದರೂ ಬೇಕು. ಒಬ್ಬರು ಅದು ಶೂನ್ಯ ಎಂದರು, ಇನ್ನೊಬ್ಬರು ಗರ್ಭ ಎಂದರು. ಕಲಾವಿದನನ್ನೇ ಕೇಳಿದರೆ, "ಅದು ನನ್ನದಲ್ಲ" ಎಂದಷ್ಟೇ ಹೇಳುತ್ತಿದ್ದ. ಪಂಡಿತರು ಆ ಮಾತಿಗೂ ಒಂದು ಅರ್ಥ ಹಚ್ಚಿದರು.

ನಮ್ಮ ವಿದ್ಯಾರ್ಥಿಯೂ ಹದಿನೆಂಟು ಪುಟ ಬರೆದ. ಪರೀಕ್ಷಕರು ಓದಿ, "ಇದರಲ್ಲಿ ನಿನ್ನದೇನಿದೆ? ಹೊಸದೇನಾದರೂ ತಾರದಿದ್ದರೆ ಈ ವರ್ಷ ನಿನಗೆ ಪದವಿಯಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ಅವನು ಹೆದರಿದ. ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಆ ಹೆಂಗಸನ್ನೇ ಹುಡುಕಿಕೊಂಡು ಅವಳ ಊರಿಗೆ ಹೋದ. ಅಷ್ಟು ಜನ ಪಂಡಿತರಲ್ಲಿ ಅವಳ ಮನೆಗೆ ಹೋದವರು ಒಬ್ಬರೂ ಇರಲಿಲ್ಲ, ನೋಡು!

ಅವನು ಕೇಳಿದ್ದಕ್ಕೆ ಆಕೆ, "ಆ ಕಪ್ಪಿನಾಗ ಏನೂ ಇಲ್ಲಪ್ಪಾ. ಅಲ್ಲಿದ್ದದ್ದು ನನ್ನ ಹತ್ರ ಐತಿ" ಎಂದು, ಬಟ್ಟೆಚೂರುಗಳ ಪೆಟ್ಟಿಗೆಯಿಂದ ಒಂದು ಫಿಲ್ಮಿನ ಸುರುಳಿ ತೆಗೆದಳು.

ಆ ಕಲಾವಿದನದು ಒಂದು ಪದ್ಧತಿ. ತೆಗೆದದ್ದನ್ನು ಊರಿಗೆಲ್ಲ ತೋರಿಸುವ ಮೊದಲು ಅದರಲ್ಲಿ ಇದ್ದವರಿಗೆ ತೋರಿಸಬೇಕು. ಹಾಗೆಯೇ ಈಕೆಯ ಮನೆಯ ಗೋಡೆಯ ಮೇಲೆ ಚಿತ್ರ ಓಡಿಸಿದ್ದ. ಒಂದು ದೃಶ್ಯ ಬಂದಾಗ ಆಕೆ, "ಇದೊಂದು ಬ್ಯಾಡ್ರಿ" ಎಂದಿದ್ದಳು.

"ಯಾಕ ಅಂತ ಅವರು ಕೇಳಲಿಲ್ಲಪ್ಪಾ. ಅಷ್ಟೂ ಕತ್ತರಿಸಿ ನನ್ನ ಕೈಯಾಗ ಇಟ್ರು. ಇನ್ನೊಂದು ಪ್ರತಿ ಎಲ್ಲೂ ಇಲ್ಲ ಅಂದು ಕೈ ಮುಗದು ಹೋದ್ರು. ನೀ ದೂರದಿಂದ ಬಂದೀ, ನೋಡು. ಮಂದಿಗೆ ಮಾತ್ರ ಬ್ಯಾಡ."

ಅವನು ಸುರುಳಿಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಚೌಕ ನೋಡಿದ. ನಿಂತು ನೋಡುತ್ತಿದ್ದವನು ಕುಳಿತುಬಿಟ್ಟ. ಆ ಕಲಾವಿದ ಮಾಡಿದ್ದೆಲ್ಲವನ್ನೂ ಅವನು ನೋಡಿದ್ದ. ಇದರ ಮುಂದೆ ಅದೆಲ್ಲ ಏನೂ ಅಲ್ಲ. ಜನ್ಮಕ್ಕೊಮ್ಮೆ ಕೈಗೆ ಬರುವಂಥದ್ದು ಆ ಕಲಾವಿದನಿಗೆ ಬಂದಿತ್ತು. ಅದನ್ನು ಒಬ್ಬ ಹೆಂಗಸಿನ ಒಂದು ಮಾತಿಗೆ ಬಿಟ್ಟುಕೊಟ್ಟಿದ್ದ. ಆ ಜಾಗದಲ್ಲಿ ಬೇರೇನನ್ನೂ ತುಂಬಿಯೂ ಇರಲಿಲ್ಲ. ಎಂಥ ಮನುಷ್ಯ ಇರಬೇಕು ಎಂದು ವಿದ್ಯಾರ್ಥಿಗೆ ಕಣ್ಣು ತುಂಬಿತು.

ಆಕೆ ಚಹಾ ಮಾಡಲು ಒಳಗೆ ಹೋದಳು. ಕ್ಯಾಮರಾ ಹೆಗಲಲ್ಲೇ ಇತ್ತು. ಒಂದೇ ಒಂದು ಚೌಕ ಸಾಕಿತ್ತು, ಪದವಿಯೇನು, ದೇಶದಲ್ಲೆಲ್ಲ ಹೆಸರೂ ಬರುತ್ತಿತ್ತು. ಅವನು ಕ್ಯಾಮರಾದ ಮುಚ್ಚಳ ತೆಗೆದ. ಸ್ವಲ್ಪ ಹೊತ್ತು ಹಾಗೇ ಹಿಡಿದು ಕುಳಿತ. ಮತ್ತೆ ಮುಚ್ಚಿದ. ಚಹಾ ಬರುವಷ್ಟರಲ್ಲಿ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದ. ಹಿಂದಿರುಗಿ ಬಂದು ಹದಿನೆಂಟು ಪುಟಗಳನ್ನೂ ಹರಿದು ಹಾಕಿದ. ಆ ವರ್ಷ ಅವನಿಗೆ ಪದವಿ ಸಿಗಲಿಲ್ಲ.

ವಾರಿಜಾಗೆ ತಡೆಯಲಾಗಲಿಲ್ಲ. "ಅಂಥದ್ದೇನಿತ್ತು ಗುರುಗಳೇ, ಆ ಸುರುಳಿಯಲ್ಲಿ?"

"ಆ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಯಿತು, ಇನ್ನು ಯಾರ ಅಪ್ಪಣೆ ಕೇಳಿ ನಾನು ಹೇಳಲಿ, ಮಗಳೇ?"